ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು: ಆ ಹತ್ತನ್ನು ಎಣಿಸುವವರು ಯಾರು?

ಇನ್ನು ಪ್ರತಿ ಸರ್ಕಾರಿ ಶಾಲೆಗೂ ಒಬ್ಬ ಸ್ಪೆಷಲ್ ಟೀಚರ್ ಬರ್ತಾರಂತೆ. ಸ್ಪೆಷಲ್ ಸ್ಕೂಲುಗಳನ್ನ ಮುಚ್ತಾರಂತೆ. ಗುತ್ತಿಗೆಯಲ್ಲಿ ಇರೋರೆಲ್ಲ ಪರ್ಮನೆಂಟ್ ಆಗ್ತಾರಂತೆ. ವಿಕಲಚೇತನ ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ವಿಶೇಷ ಶಿಕ್ಷಕರ ನೇಮಕದ ಬಗ್ಗೆ ಸುಪ್ರೀಂ ಕೋರ್ಟ್ 2025ರ ಮಾರ್ಚ್ 7ರಂದು ಆದೇಶ ಕೊಟ್ಟ ಮೇಲೆ ಇಂಥ ಅಂತೆಕಂತೆಗಳಿಗೆ ಬರವಿಲ್ಲ. ಮೂರರಲ್ಲಿ ಎರಡು ಅರ್ಧ ನಿಜ. ಒಂದು ಪೂರ್ತಿ ಸುಳ್ಳು.

ನ್ಯಾ. ಸುಧಾಂಶು ಧೂಲಿಯಾ ಮತ್ತು ನ್ಯಾ. ಕೆ. ವಿನೋದ್ ಚಂದ್ರನ್ ಅವರಿದ್ದ ಪೀಠ ಹೇಳಿದ್ದು ಇಷ್ಟು. ತನಗೆ ಎಷ್ಟು ವಿಶೇಷ ಶಿಕ್ಷಕರು ಬೇಕು ಎಂದು ಪ್ರತಿ ರಾಜ್ಯವೂ ಲೆಕ್ಕ ಹಾಕಬೇಕು. ಅಷ್ಟು ಹುದ್ದೆ ಮಂಜೂರು ಮಾಡಿ ಮಾರ್ಚ್ 28ರೊಳಗೆ ಅಧಿಸೂಚನೆ ಹೊರಡಿಸಬೇಕು. ಅದಾಗಿ ಮೂರು ವಾರದಲ್ಲಿ ನೇಮಕಾತಿ ಶುರುವಾಗಬೇಕು. ವರ್ಷಗಟ್ಟಲೆ ಗುತ್ತಿಗೆಯಲ್ಲಿ ದುಡಿಯುತ್ತಿರುವವರ ಅರ್ಹತೆ ನೋಡಲು ಒಂದು ಸಮಿತಿ ಮಾಡಬೇಕು. ಸ್ಪೆಷಲ್ ಸ್ಕೂಲು ಮುಚ್ಚುವ ಮಾತು ಇದರಲ್ಲಿ ಎಲ್ಲೂ ಇಲ್ಲ.

ಕೇಳಲು ಸರಳವಾಗಿದೆ ಅಲ್ವಾ? ತೊಡಕು ಇರುವುದು "ಲೆಕ್ಕ ಹಾಕಬೇಕು" ಎಂಬ ಎರಡು ಪದದಲ್ಲಿ.

ಹುದ್ದೆಯೇ ಇಲ್ಲದ ಕೆಲಸ

ವಿಕಲಚೇತನ ಮಕ್ಕಳ ಶಿಕ್ಷಣ ನಮಗೆ ಹೊಸದೇನಲ್ಲ. ಮೈಸೂರಿನಲ್ಲಿ 1901ರಲ್ಲೇ ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆ ಶುರುವಾಗಿತ್ತು. ಆದರೆ ಅಂಥ ಮಕ್ಕಳಿಗೆ ಬೇರೆ ಶಾಲೆ ಎಂಬುದೇ ಬಹಳ ಕಾಲದ ರೂಢಿ. ಊರಿನ ಶಾಲೆಯಲ್ಲೇ ಅವರನ್ನು ಓದಿಸೋಣ ಎಂಬ ಕೇಂದ್ರ ಯೋಜನೆ ಬಂದದ್ದು 1974ರಲ್ಲಿ. 2001ರ ಹೊತ್ತಿಗೆ ಸರ್ವ ಶಿಕ್ಷಣ ಅಭಿಯಾನ ಬಂತು, "ಯಾವ ಮಗುವನ್ನೂ ವಾಪಸ್ ಕಳಿಸಬೇಡಿ" ಎಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹಳೆಯ 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯ ಇದ್ದವು, ಹೊಸದರಲ್ಲಿ 21. ಬೇರೆಯವರ ಜೊತೆ ಮಾತಾಡಲು, ಬೆರೆಯಲು ತೊಡಕಾಗುವ ಆಟಿಸಂ ಸೇರಿತು, ಓದು ಬರಹದಲ್ಲಿ ತೊಡಕಾಗುವ ಕಲಿಕಾ ನ್ಯೂನತೆಯೂ ಸೇರಿತು. ಅದಕ್ಕಿಂತ ಮುಖ್ಯವಾಗಿ, ಮಗು ಶಾಲೆಗೆ ಹೊಂದಿಕೊಳ್ಳುವುದಲ್ಲ, ಶಾಲೆ ತನ್ನ ಪಾಠವನ್ನು ಮಗುವಿಗೆ ಹೊಂದಿಸಿಕೊಳ್ಳಬೇಕು ಎಂಬುದನ್ನು ಆ ಕಾಯ್ದೆ ಬರೆದಿಟ್ಟಿತು.

ಹಾಗಾದರೆ ಪಾಠ ಹೊಂದಿಸಲು ಗೊತ್ತಿರುವವರು ಶಾಲೆಯಲ್ಲಿ ಇರಬೇಕಲ್ಲ? ಇಲ್ಲೇ ಒಂದು ದೊಡ್ಡ ತೂತು ಉಳಿದುಹೋಯಿತು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಸಾಮಾನ್ಯ ಶಿಕ್ಷಕರ ಪ್ರಮಾಣ ಇದೆ. ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ 35ಕ್ಕೆ ಒಬ್ಬರು. ವಿಶೇಷ ಶಿಕ್ಷಕರ ಬಗ್ಗೆ ಅದರಲ್ಲಿ ಅಂಥ ಒಂದು ಸಾಲೂ ಇರಲಿಲ್ಲ.

ಸರ್ಕಾರಿ ವ್ಯವಸ್ಥೆ ಗೊತ್ತಿದ್ದವರಿಗೆ ಇದರ ಪರಿಣಾಮ ವಿವರಿಸಬೇಕಿಲ್ಲ. ಪ್ರಮಾಣ ಇಲ್ಲ ಅಂದರೆ ಎಷ್ಟು ಜನ ಬೇಕು ಎಂದು ಹೇಳಲು ಆಧಾರ ಇಲ್ಲ. ಆಧಾರ ಇಲ್ಲದೆ ಹಣಕಾಸು ಇಲಾಖೆ ಹುದ್ದೆ ಮಂಜೂರು ಮಾಡುವುದಿಲ್ಲ. ಹುದ್ದೆ ಇಲ್ಲ ಅಂದರೆ ಕಾಯಂ ನೇಮಕಾತಿ ಇಲ್ಲ. ಆದರೂ ಮಕ್ಕಳು ಶಾಲೆಗೆ ಬರುತ್ತಿದ್ದಾರೆ, ಕೆಲಸವಂತೂ ಆಗಬೇಕು. ಹಾಗಾಗಿ ಯೋಜನೆಯ ದುಡ್ಡಿನಲ್ಲಿ, ವರ್ಷದ ಲೆಕ್ಕದಲ್ಲಿ ಗುತ್ತಿಗೆಗೆ ತೆಗೆದುಕೊಂಡರು. ಹಲವು ರಾಜ್ಯಗಳಲ್ಲಿ ಹತ್ತು, ಹದಿನೈದು, ಇಪ್ಪತ್ತು ವರ್ಷ ಇದೇ ನಡೆಯಿತು. ಕೋರ್ಟಿನ ಮೆಟ್ಟಿಲು ಹತ್ತಿದ್ದು ಉತ್ತರ ಪ್ರದೇಶದ ಅಂಥ ಗುತ್ತಿಗೆ ಶಿಕ್ಷಕರೇ. ಅರ್ಜಿ 2016ರದ್ದು.

2021ರ ಅಕ್ಟೋಬರ್ 28ರಂದು ಕೋರ್ಟ್ ಆ ತೂತನ್ನು ಗುರುತಿಸಿತು. ಪ್ರಮಾಣ ನಿಗದಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಕೇಂದ್ರ 2022ರ ಸೆಪ್ಟೆಂಬರ್‌ನಲ್ಲಿ ಅನುಸೂಚಿ ತಿದ್ದಿತು. ಒಂದರಿಂದ ಐದನೇ ತರಗತಿವರೆಗೆ ದಾಖಲಾದ ಪ್ರತಿ 10 ವಿಕಲಚೇತನ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಆರರಿಂದ ಎಂಟರವರೆಗೆ 15 ಮಕ್ಕಳಿಗೆ ಒಬ್ಬರು. ಅಲ್ಲಿಂದ ಎರಡೂವರೆ ವರ್ಷ ಕಳೆದ ಮೇಲೂ ಹಲವು ರಾಜ್ಯಗಳು ಹುದ್ದೆಗಳನ್ನು ಗುರುತಿಸುವ ಕೆಲಸವನ್ನೇ ಮಾಡಿರಲಿಲ್ಲ. 2025ರ ಗಡುವು ಬಂದದ್ದು ಅದಕ್ಕೆ.

ಅದೇ ಮಕ್ಕಳು, ಮೂರು ಉತ್ತರ

ಹತ್ತಕ್ಕೆ ಒಬ್ಬರು ಎಂಬ ಲೆಕ್ಕ ಪೇಪರಿನಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು ಕ್ಲಸ್ಟರ್, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪು, ಊಹಿಸಿಕೊಳ್ಳಿ. ಹನ್ನೆರಡು ಕಿರಿಯ ಪ್ರಾಥಮಿಕ ಶಾಲೆ. ಮೂರರಲ್ಲಿ ವಿಕಲಚೇತನ ಮಕ್ಕಳೇ ಇಲ್ಲ. ಉಳಿದ ಒಂಬತ್ತರಲ್ಲಿ ಒಂದು, ಎರಡು, ಮೂರು ಹೀಗೆ ಒಟ್ಟು 20 ಮಕ್ಕಳು.

ಶಾಲೆವಾರು ಲೆಕ್ಕ ಹಾಕಿ, ಹತ್ತು ಮಕ್ಕಳಿದ್ದರೆ ಮಾತ್ರ ಹುದ್ದೆ ಅಂದರೆ ಉತ್ತರ ಸೊನ್ನೆ. ಯಾಕೆಂದರೆ ಯಾವ ಶಾಲೆಯಲ್ಲೂ ಹತ್ತು ಮಕ್ಕಳಿಲ್ಲ. ಒಂದು ಮಗು ಇದ್ದರೂ ಒಬ್ಬ ಶಿಕ್ಷಕರು ಅಂದರೆ ಒಂಬತ್ತು ಹುದ್ದೆ. ಇಡೀ ಕ್ಲಸ್ಟರನ್ನು ಒಂದು ಘಟಕ ಅಂತ ಹಿಡಿದರೆ ಎರಡು. ಮಕ್ಕಳು ಅವರೇ, ನಿಯಮವೂ ಅದೇ, ಉತ್ತರ ಮಾತ್ರ ಮೂರು.

ಪ್ರತಿ ಶಾಲೆಗೂ ಒಬ್ಬರು ಬರ್ತಾರೆ ಎಂಬ ಮಾತು ಅರ್ಧ ನಿಜ ಎಂದದ್ದು ಇದಕ್ಕೆ. ಬರುತ್ತಾರೆ, ಆದರೆ ಬಹಳ ಕಡೆ ದಿನವೂ ಬರುವುದಿಲ್ಲ. ಸಾಕಷ್ಟು ಶಿಕ್ಷಕರು ಸಿಗುವವರೆಗೆ ಶಾಲೆಯಿಂದ ಶಾಲೆಗೆ ಓಡಾಡುವ ಶಿಕ್ಷಕರನ್ನು ಬಳಸಿಕೊಳ್ಳಬಹುದು ಎಂದು 2021ರ ತೀರ್ಪೇ ಹೇಳಿದೆ. ಕರ್ನಾಟಕಕ್ಕೆ ಇದು ಹಳೆಯ ಪದ್ಧತಿ. ಇಲ್ಲಿ ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಕೂತು ಇಡೀ ತಾಲ್ಲೂಕು ಸುತ್ತುವ ಸಮನ್ವಯ ಶಿಕ್ಷಣ (ಎಲ್ಲ ಮಕ್ಕಳನ್ನೂ ಒಟ್ಟಿಗೇ ಓದಿಸುವುದು) ಸಂಪನ್ಮೂಲ ಶಿಕ್ಷಕರಿದ್ದಾರೆ. ಇಲಾಖೆಯ ಭಾಷೆಯಲ್ಲಿ ಅವರು ಬಿಐಇಆರ್‌ಟಿಗಳು.

ಓಡಾಡುವ ಶಿಕ್ಷಕರು ಅನ್ನುವುದು ತಪ್ಪಲ್ಲ. ಎಷ್ಟು ಶಾಲೆ ಓಡಾಡಬೇಕು ಎಂಬುದೇ ಪ್ರಶ್ನೆ. ಮೇಲಿನ ಕ್ಲಸ್ಟರಿಗೆ ಇಬ್ಬರು ಸಿಕ್ಕರೆ ಒಬ್ಬರ ಪಾಲಿಗೆ ನಾಲ್ಕೈದು ಶಾಲೆ. ಅಂದರೆ ಪ್ರತಿ ಶಾಲೆಗೆ ವಾರಕ್ಕೆ ಒಂದು ದಿನ. ಸೋಮವಾರ ಹೇಳಿಕೊಟ್ಟದ್ದು ಮಗುವಿಗೆ ಬಂತೋ ಇಲ್ಲವೋ ಎಂದು ಮುಂದಿನ ಸೋಮವಾರ ನೋಡಬಹುದು. ಅದೇ ನೂರಕ್ಕೂ ಹೆಚ್ಚು ಶಾಲೆ ಇರುವ ತಾಲ್ಲೂಕಿಗೆ ಬೆರಳೆಣಿಕೆಯ ಜನ ಇದ್ದರೆ ಒಂದು ಶಾಲೆಗೆ ಮತ್ತೆ ಬರುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ಅದು ಭೇಟಿ, ಪಾಠವಲ್ಲ. ಸಂದರ್ಶಕರ ಪುಸ್ತಕದಲ್ಲಿ ಸಹಿ ಬೀಳುತ್ತದೆ, ಅಷ್ಟೇ.

ಇನ್ನೊಂದು ವಿಷಯ ಸುದ್ದಿಯಲ್ಲಿ ಅಷ್ಟಾಗಿ ಬರಲಿಲ್ಲ. ಕೇಂದ್ರ ಪ್ರಮಾಣ ನಿಗದಿ ಮಾಡುವವರೆಗೆ ತಾತ್ಕಾಲಿಕವಾಗಿ ಪಾಲಿಸಿ ಎಂದು 2021ರಲ್ಲಿ ಕೋರ್ಟ್ ತೋರಿಸಿದ್ದ ಪ್ರಮಾಣ ವೈಕಲ್ಯಕ್ಕೆ ತಕ್ಕಂತೆ ಬೇರೆಬೇರೆ ಇತ್ತು. ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸೆರೆಬ್ರಲ್ ಪಾಲ್ಸಿ ಇರುವ ಎಂಟು ಮಕ್ಕಳಿಗೆ ಒಬ್ಬರು. ಬೌದ್ಧಿಕ ವೈಕಲ್ಯ, ಆಟಿಸಂ, ಕಲಿಕಾ ನ್ಯೂನತೆ ಇದ್ದರೆ ಐದಕ್ಕೆ ಒಬ್ಬರು. ಕಣ್ಣು, ಕಿವಿ ಎರಡೂ ಇಲ್ಲದ ಮಕ್ಕಳಿದ್ದರೆ ಇಬ್ಬರಿಗೆ ಒಬ್ಬರು. 2022ರ ಅಧಿಸೂಚನೆ ಇದನ್ನೆಲ್ಲ ಮಡಚಿ ಒಂದೇ ಸಂಖ್ಯೆ ಮಾಡಿತು. ಕನ್ನಡಕ ಹಾಕಿದರೂ ಬೋರ್ಡು ಮಸುಕಾಗಿ ಕಾಣುವ ಮಗು ಒಂದು. ಊಟ, ಶೌಚಕ್ಕೂ ಜೊತೆಗೆ ಒಬ್ಬರು ಬೇಕಾದ ಮಗು ಇನ್ನೊಂದು. ಈ ಲೆಕ್ಕದಲ್ಲಿ ಎರಡೂ ಸಮ.

ಎಣಿಕೆಗೆ ಸಿಗದ ಮಗು

ಈಗ ನಿಜವಾದ ಗಂಟಿಗೆ ಬರೋಣ. ಹುದ್ದೆಗಳ ಸಂಖ್ಯೆ ನಿಂತಿರುವುದು ದಾಖಲಾದ ವಿಕಲಚೇತನ ಮಕ್ಕಳ ಸಂಖ್ಯೆಯ ಮೇಲೆ. ಆ ಸಂಖ್ಯೆ ಎಲ್ಲಿಂದ ಬರುತ್ತದೆ? ಮುಖ್ಯ ಶಿಕ್ಷಕರು ಪ್ರತಿ ವರ್ಷ ಶಾಲೆಗಳ ಅಂಕಿಅಂಶ ಇಡುವ ಸರ್ಕಾರಿ ವ್ಯವಸ್ಥೆಯಾದ ಯೂ-ಡೈಸ್‌ನಲ್ಲಿ ತುಂಬುವ ಮಾಹಿತಿಯಿಂದ. ಅವರು ಏನು ತುಂಬುತ್ತಾರೆ? ಕಣ್ಣಿಗೆ ಕಂಡದ್ದನ್ನು, ಇಲ್ಲವೇ ಸರ್ಟಿಫಿಕೇಟ್ ಇದ್ದದ್ದನ್ನು.

ವೀಲ್‌ಚೇರ್‌ನಲ್ಲಿ ಬರುವ ಮಗು ಎಲ್ಲರಿಗೂ ಕಾಣುತ್ತದೆ. ಕೊನೆಯ ಬೆಂಚಿನಲ್ಲಿ ಸುಮ್ನೆ ಕೂತು, ಕೇಳಿದ್ದಕ್ಕೆಲ್ಲ ತಲೆ ಆಡಿಸುವ ಮಗು ಕಾಣುವುದಿಲ್ಲ. ಒಂದು ಕಿವಿ ಸರಿಯಾಗಿ ಕೇಳದ ಮಗುವನ್ನು "ಗಮನ ಕೊಡಲ್ಲ" ಅಂತಾರೆ. ಅಕ್ಷರ ಕೂಡಿಸಲಾಗದ ಮಗುವನ್ನು "ದಡ್ಡ" ಅಂತಾರೆ. ಒಂದು ಕ್ಷಣವೂ ಕೂರಲಾಗದ ಮಗುವನ್ನು "ತುಂಟ" ಅಂತಾರೆ. ಆಟಿಸಂ, ಕಲಿಕಾ ನ್ಯೂನತೆಯಂಥವು ಬಹಳ ಸಲ ಇಂಥ ಹಣೆಪಟ್ಟಿಗಳ ಕೆಳಗೇ ಅಡಗಿರುತ್ತವೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ವಿಕಲಚೇತನರು ಸುಮಾರು 13.24 ಲಕ್ಷ. ಆದರೆ ಆ ಗಣತಿಯ ಫಾರಂನಲ್ಲಿ ಆಟಿಸಂಗೂ ಕಲಿಕಾ ನ್ಯೂನತೆಗೂ ಬೇರೆ ಕಾಲಂ ಇರಲಿಲ್ಲ.

ಗುರುತಿಸಲು ಉಪಾಯ ಇಲ್ಲವೇ? ಇದೆ. ಎನ್‌ಸಿಇಆರ್‌ಟಿ 'ಪ್ರಶಸ್ತ್' ಎಂಬ ಆ್ಯಪ್ ಮಾಡಿದೆ. ಎರಡು ಹಂತ. ಮೊದಲನೆಯದರಲ್ಲಿ ತರಗತಿ ಶಿಕ್ಷಕರು ಪ್ರಶ್ನಾವಳಿ ನೋಡಿ, ಸಂದೇಹ ಬಂದ ಮಕ್ಕಳನ್ನು ಗುರುತು ಮಾಡುತ್ತಾರೆ. ಎರಡನೆಯದನ್ನು ವಿಶೇಷ ಶಿಕ್ಷಕರು ಅಥವಾ ಅಂಥ ಜವಾಬ್ದಾರಿ ಇರುವವರು ನೋಡಬೇಕು. ಆಮೇಲೆ ವೈದ್ಯರ ಬಳಿಗೆ, ಸರ್ಟಿಫಿಕೇಟಿಗೆ. ಕಲಿಕಾ ನ್ಯೂನತೆಗಾದರೆ ಕೇಂದ್ರದ ಮಾರ್ಗಸೂಚಿ ಎಂಟು ವರ್ಷ ತುಂಬಿದ ಮೇಲೆ ಪರೀಕ್ಷೆ ಮಾಡಿ ಎನ್ನುತ್ತದೆ. ಎಂಟು ವರ್ಷ ಅಂದರೆ ಮೂರನೇ ತರಗತಿ. ಅಷ್ಟರಲ್ಲಿ ಮಗು ಎರಡು ಮೂರು ವರ್ಷ "ದಡ್ಡ" ಅನ್ನಿಸಿಕೊಂಡಿರುತ್ತದೆ.

ವರ್ತುಲ ಕಾಣಿಸಿತಾ? ಮಕ್ಕಳನ್ನು ಸರಿಯಾಗಿ ಗುರುತಿಸಲು ವಿಶೇಷ ಶಿಕ್ಷಕರು ಬೇಕು. ವಿಶೇಷ ಶಿಕ್ಷಕರ ಹುದ್ದೆ ಬರಬೇಕಾದರೆ ಮಕ್ಕಳು ಮೊದಲೇ ಲೆಕ್ಕದಲ್ಲಿ ಇರಬೇಕು. ವಿಶೇಷ ಶಿಕ್ಷಕರು ಕಡಿಮೆ ಇರುವ ತಾಲ್ಲೂಕಿನಲ್ಲಿ ಗುರುತಾಗುವ ಮಕ್ಕಳು ಕಡಿಮೆ. ಮಕ್ಕಳು ಕಡಿಮೆ ಅಂದರೆ ಹುದ್ದೆ ಕಡಿಮೆ. ಯಾರಿಗೆ ಜಾಸ್ತಿ ಬೇಕೋ ಅವರಿಗೇ ಕಡಿಮೆ ಸಿಗುತ್ತದೆ. ದೊಡ್ಡ ಆಸ್ಪತ್ರೆಗಳಿರುವ ಬೆಂಗಳೂರು, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ಮೈಸೂರು ಒಂದು ಕಡೆ. ಕಿವಿ ಪರೀಕ್ಷಿಸುವ ಆಡಿಯಾಲಜಿಸ್ಟ್ ನೋಡಲು ಇಡೀ ದಿನದ ಕೂಲಿ ಬಿಟ್ಟು, ಎರಡು ಬಸ್ ಹತ್ತಿ ಹೋಗಬೇಕಾದ ಊರು ಇನ್ನೊಂದು ಕಡೆ. ಎರಡಕ್ಕೂ ಒಂದೇ ಸೂತ್ರ ಹಾಕಿದರೆ ಉತ್ತರ ನ್ಯಾಯವಾಗಿ ಬರುವುದಿಲ್ಲ.

'ಸೂರ್ಯ' ಓದಿಸುವುದು

ವಿಶೇಷ ಶಿಕ್ಷಕರು ಅಷ್ಟಕ್ಕೂ ಮಾಡುವುದೇನು? ಒಂದೇ ಒಂದು ಪದ ಹಿಡಿದು ನೋಡಬಹುದು.

'ಸೂರ್ಯ'. ಬಾಯಲ್ಲಿ 'ರ್' ಮೊದಲು ಬರುತ್ತದೆ, 'ಯ' ಆಮೇಲೆ. ಹಾಳೆಯ ಮೇಲೆ ಉಲ್ಟಾ. 'ಯ' ಮೊದಲು, ಅದರ ಬಲಕ್ಕೆ ಅರ್ಕಾವೊತ್ತು. ಹೆಚ್ಚಿನ ಮಕ್ಕಳು ಕೆಲವು ದಿನ ತಡವರಿಸಿ, ಆಮೇಲೆ ರೂಢಿ ಮಾಡಿಕೊಳ್ಳುತ್ತಾರೆ. ಕಲಿಕಾ ನ್ಯೂನತೆ ಇರುವ ಮಗು ಮತ್ತೆಮತ್ತೆ ಅಲ್ಲೇ ಎಡವುತ್ತದೆ. "ಸೂಯ" ಎಂದು ಓದಿ ನಿಲ್ಲುತ್ತದೆ, ಬಲಗಡೆ ಉಳಿದ ಗುರುತನ್ನು ಏನು ಮಾಡಬೇಕೋ ತಿಳಿಯದೆ. 'ರಾಷ್ಟ್ರ' ಬಂದರೆ ಮುಗಿದೇ ಹೋಯಿತು. ಅಲ್ಲಿ ಒಂದರ ಕೆಳಗೆ ಎರಡು ಒತ್ತು. ಕನ್ನಡ ಬರೆದ ಹಾಗೇ ಓದುವ ಭಾಷೆ ಎಂದು ನಾವು ಹೆಮ್ಮೆಪಡುತ್ತೇವೆ. ಈ ಮಗುವಿನ ಪಕ್ಕ ಕೂತು ನೋಡಿದರೆ ಅದು ಪೂರ್ತಿ ನಿಜವಲ್ಲ ಎಂದು ಗೊತ್ತಾಗುತ್ತದೆ.

ಒಂದರಿಂದ ಮೂರನೇ ತರಗತಿವರೆಗಿನ ನಲಿ-ಕಲಿಯಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಅದು ಒಳ್ಳೆಯದೇ. ಆದರೆ ಹಿಂದೆ ಬಿದ್ದ ಮಗು ಅಲ್ಲಿ ಸುಲಭವಾಗಿ ಮರೆಯಾಗಬಹುದು. ನಾಲ್ಕನೇ ತರಗತಿಯಲ್ಲಿ ಇಡೀ ಕ್ಲಾಸು ಒಂದೇ ಪುಟ ತೆರೆದಾಗ ಬಣ್ಣ ಬಯಲಾಗುತ್ತದೆ. ತರಗತಿ ಶಿಕ್ಷಕಿ ಹತ್ತು ಸಲ ಬರೆಸುತ್ತಾರೆ. ಮಗು ಹತ್ತು ಸಲ ನಕಲು ಮಾಡುತ್ತದೆ. ಪುಸ್ತಕ ಮುಚ್ಚಿದರೆ ಮತ್ತೆ "ಸೂಯ".

ತರಬೇತಿ ಆದವರು ಇಲ್ಲಿ ಬೇರೆ ದಾರಿ ಹಿಡಿಯುತ್ತಾರೆ. 'ಯ' ಒಂದು ಕಾರ್ಡಿನಲ್ಲಿ, ಅರ್ಕಾವೊತ್ತು ಕೆಂಪು ಕಾರ್ಡಿನಲ್ಲಿ. ಕೆಂಪು ಕಾರ್ಡನ್ನು ಮೊದಲು 'ಯ'ದ ಎಡಕ್ಕೆ ಇಟ್ಟು ಕೂಗಿಸುತ್ತಾರೆ. ಆಮೇಲೆ ಮಗುವಿನ ಕೈಯಿಂದಲೇ ಅದನ್ನು ಬಲಕ್ಕೆ ದಾಟಿಸುತ್ತಾರೆ. ಕೂತದ್ದು ಕೊನೆಯಲ್ಲಿ, ಕೂಗುವುದು ಮೊದಲು. ಮರಳಿನ ತಟ್ಟೆಯಲ್ಲಿ ಬೆರಳಾಡಿಸುತ್ತಾರೆ. ಆ ವಾರ 'ಸೂರ್ಯ', 'ಕಾರ್ಯ', 'ಧೈರ್ಯ' ಮೂರೇ ಪದ. ನಾಲ್ಕನೆಯದು ಇಲ್ಲ.

ಇದು ಅರ್ಧ ಕೆಲಸ. ಇನ್ನರ್ಧ ತರಗತಿ ಶಿಕ್ಷಕಿಯ ಜೊತೆ. ಎಲ್ಲರೆದುರು ಹೊಸ ಪಾಠ ಜೋರಾಗಿ ಓದಿಸಬೇಡಿ. ವಿಜ್ಞಾನದ ಪ್ರಶ್ನೆಯನ್ನು ಬಾಯಲ್ಲಿ ಕೇಳಿ, ಮಗು ಬಾಯಲ್ಲೇ ಹೇಳಲಿ. ಟೆಸ್ಟಿನಲ್ಲಿ ಪ್ರಶ್ನೆ ನೀವೇ ಓದಿ ಹೇಳಿ. ಆಗ ಆ ಮಗುವಿಗೆ ಸೌರಮಂಡಲ ಚೆನ್ನಾಗಿ ಗೊತ್ತಿದೆ, 'ಸೂರ್ಯ' ಎಂಬ ಪದ ಓದಲು ಮಾತ್ರ ಬರುವುದಿಲ್ಲ ಎಂಬುದು ಹೊರಬೀಳುತ್ತದೆ. ಕಿವಿ ಮಂದವಿರುವ ಮಗುವಿನ ಸೂಚನೆಗಳು ಬೇರೆ. ಬೋರ್ಡಿನ ಕಡೆ ತಿರುಗಿ ಮಾತಾಡಬೇಡಿ, ನಿಮ್ಮ ತುಟಿ ಕಾಣಬೇಕು. ಹಿಯರಿಂಗ್ ಏಡ್‌ನ ಬ್ಯಾಟರಿ ಇದೆಯಾ ನೋಡಿ. ಕ್ಯಾಂಪಿನಲ್ಲಿ ಹಿಯರಿಂಗ್ ಏಡ್ ಕೊಟ್ಟು ಫೋಟೊ ತೆಗೆಸಿಕೊಳ್ಳುವುದು ಸುಲಭ. ಬ್ಯಾಟರಿ ಮುಗಿದ ದಿನ ಕೇಳುವವರು ಬೇಕು.

ಇದನ್ನು ಒಪ್ಪಿದರೆ ಒಂದು ತಪ್ಪು ಕಲ್ಪನೆ ಬಿಡಬೇಕಾಗುತ್ತದೆ. ವಿಶೇಷ ಶಿಕ್ಷಕರು ಬಂದರು ಅಂದರೆ "ಆ ಮಕ್ಕಳು ಅವರಿಗೆ" ಎಂದು ಒಪ್ಪಿಸಿಬಿಡುವುದಲ್ಲ. ಹಾಗೆ ಮಾಡಿದರೆ ಊರಿನ ಶಾಲೆಯೊಳಗೇ ಒಂದು ಪುಟ್ಟ ಸ್ಪೆಷಲ್ ಸ್ಕೂಲು ಹುಟ್ಟಿಕೊಳ್ಳುತ್ತದೆ, ಸ್ಟೋರ್ ರೂಮಿನ ಪಕ್ಕದ ಕೋಣೆಯಲ್ಲಿ. 2021ರ ತೀರ್ಪು ಸಾಮಾನ್ಯ ಶಿಕ್ಷಕರಿಗೂ ಕಡ್ಡಾಯ ತರಬೇತಿ ಕೊಡಿ ಎಂದದ್ದನ್ನು ಯಾರೂ ಹೆಚ್ಚು ನೆನಪಿಸಿಕೊಳ್ಳುತ್ತಿಲ್ಲ. ಹುದ್ದೆಯ ಸುದ್ದಿಗೆ ಇರುವ ಬಿಸಿ ತರಬೇತಿಯ ಸುದ್ದಿಗೆ ಇಲ್ಲ.

ಊರ ಶಾಲೆಯಾ, ಸ್ಪೆಷಲ್ ಸ್ಕೂಲಾ?

ಇಲ್ಲಿ ವಾದ ಎರಡೂ ಕಡೆ ಗಟ್ಟಿಯಾಗಿದೆ.

ಎಲ್ಲ ಮಕ್ಕಳೂ ಒಟ್ಟಿಗೇ ಕಲಿಯಬೇಕು ಎನ್ನುವವರ ಮಾತು ಕೇಳಿ. ಆರು ವರ್ಷದ ಮಗುವನ್ನು ಅಪ್ಪ ಅಮ್ಮನಿಂದ ಬಿಡಿಸಿ ದೂರದ ಹಾಸ್ಟೆಲಿಗೆ ಹಾಕುವುದು ಯಾವ ನ್ಯಾಯ? ಓಣಿಯ ಮಕ್ಕಳ ಜೊತೆ ಬೆಳೆಯದ ಮಗು ನಾಳೆ ಅದೇ ಓಣಿಯಲ್ಲಿ ಬದುಕುವುದು ಹೇಗೆ? ಉಳಿದ ಮಕ್ಕಳಾದರೂ ಇಂಥವರೂ ನಮ್ಮವರೇ ಎಂದು ಕಲಿಯುವುದು ಯಾವಾಗ? ಭಾರತ 2007ರಲ್ಲಿ ಒಪ್ಪಿ ಸಹಿ ಹಾಕಿದ ವಿಶ್ವಸಂಸ್ಥೆಯ ಒಡಂಬಡಿಕೆಯೂ ಇದೇ ದಾರಿ ಹೇಳುತ್ತದೆ.

ಸ್ಪೆಷಲ್ ಸ್ಕೂಲಿನ ಪರ ಇರುವ ಪೋಷಕರು ಹಿಂದುಳಿದ ಯೋಚನೆಯವರಲ್ಲ. ಹುಟ್ಟಿನಿಂದ ಕಿವಿ ಕೇಳದ ಮಗುವನ್ನು ತೆಗೆದುಕೊಳ್ಳಿ. ಅದರ ಭಾಷೆ ಸನ್ನೆ ಭಾಷೆ. ಊರ ಶಾಲೆಯಲ್ಲಿ ಆ ಭಾಷೆ ಬಲ್ಲವರು ಒಬ್ಬರೂ ಇಲ್ಲ. ಶಿಕ್ಷಕಿಗೆ ಬರಲ್ಲ, ಗೆಳೆಯರಿಗೆ ಬರಲ್ಲ, ಮನೆಯಲ್ಲೂ ಬರಲ್ಲ. ನಲವತ್ತು ಮಕ್ಕಳ ನಡುವೆ ಕೂತರೂ ಅದು ಒಂಟಿ. ಕಿವುಡ ಮಕ್ಕಳ ಶಾಲೆಗೆ ಹೋದ ದಿನ ಅದೇ ಮಗು ಜಗಳವಾಡುತ್ತದೆ, ಚಾಡಿ ಹೇಳುತ್ತದೆ, ಜೋಕ್ ಮಾಡುತ್ತದೆ. ಭಾಷೆ ಸಿಕ್ಕಿತಲ್ಲ! ಇಂಥ ಮಗುವಿಗೆ ಒಟ್ಟಿಗೆ ಕೂರಿಸುವುದೇ ಒಟ್ಟುಗೂಡುವಿಕೆ ಅಂದರೆ ಅದು ಬರೀ ಮಾತು.

ಈ ಜಗಳದಲ್ಲಿ ನನಗೆ ಕಾಣುವುದು ಇಷ್ಟು. ಎಷ್ಟೋ ಪೋಷಕರು ಸ್ಪೆಷಲ್ ಸ್ಕೂಲು ಆರಿಸಿಕೊಂಡಿಲ್ಲ. ಊರ ಶಾಲೆಯಲ್ಲಿ ಏನೂ ಸಿಗದೆ ಅಲ್ಲಿಗೆ ಹೋಗಿದ್ದಾರೆ. ಅದನ್ನು ಆಯ್ಕೆ ಎಂದು ಕರೆಯುವುದು ಕಷ್ಟ. ಊರ ಶಾಲೆಯಲ್ಲಿ ತಕ್ಕ ಶಿಕ್ಷಕರು ಇದ್ದ ಮೇಲೂ "ನಮ್ಮ ಮಗುವಿಗೆ ಆ ಶಾಲೆಯೇ ಸರಿ" ಅಂದರೆ ಅದು ಆಯ್ಕೆ.

ಆಡಳಿತದ ಸಮಸ್ಯೆ ಬೇರೆ ಇದೆ. ಕರ್ನಾಟಕದಲ್ಲಿ ವಿಶೇಷ ಶಾಲೆಗಳ ಉಸ್ತುವಾರಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯದು. ಸಮನ್ವಯ ಶಿಕ್ಷಣ ಶಾಲಾ ಶಿಕ್ಷಣ ಇಲಾಖೆಯದು. ಮಗು ಅಲ್ಲಿಂದ ಇಲ್ಲಿಗೆ ಬಂದರೆ ಇಷ್ಟು ವರ್ಷ ಅದು ಏನು ಕಲಿತಿತ್ತು ಎಂಬ ಮಾಹಿತಿಯೂ ಅದರ ಜೊತೆ ಬರಬೇಕು. ಎರಡು ಇಲಾಖೆಯ ಫೈಲುಗಳು ಒಂದನ್ನೊಂದು ಮಾತಾಡಿಸದಿದ್ದರೆ ಪಾಠ ಮತ್ತೆ 'ಅ'ದಿಂದಲೇ ಶುರು.

ಮನೆಯಿಂದ ಹೊರಬರಲಾಗದ ಮಕ್ಕಳದ್ದು ಮೂರನೇ ದಾರಿ. ತೀವ್ರ ವೈಕಲ್ಯ ಇರುವ ಮಕ್ಕಳು ಮನೆಯಲ್ಲೇ ಕಲಿಯಬಹುದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ನಮ್ಮಲ್ಲಿ ಅದಕ್ಕೆ ಗೃಹಾಧಾರಿತ ಶಿಕ್ಷಣ ಎನ್ನುತ್ತಾರೆ. ಇದು ಬೇಕು. ಆದರೆ ರ‍್ಯಾಂಪ್ ಇಲ್ಲ, ಶೌಚಾಲಯಕ್ಕೆ ಕರೆದೊಯ್ಯುವ ಆಯಾ ಇಲ್ಲ ಎಂಬ ಕಾರಣಕ್ಕೆ ಶಾಲೆಗೆ ಬರಬಲ್ಲ ಮಗುವನ್ನೂ ಈ ಪಟ್ಟಿಗೆ ಸೇರಿಸುವ ಅಪಾಯ ಯಾವತ್ತೂ ಇದ್ದೇ ಇದೆ.

ಗುತ್ತಿಗೆಯವರೆಲ್ಲ ಕಾಯಂ ಆಗುತ್ತಾರಾ?

ತಾನಾಗಿಯೇ ಆಗುವುದಿಲ್ಲ. ಕೋರ್ಟ್ ಹೇಳಿದ್ದು ಪರಿಶೀಲನಾ ಸಮಿತಿ. ಅದರಲ್ಲಿ ರಾಜ್ಯದ ವಿಕಲಚೇತನರ ಆಯುಕ್ತರು, ಶಿಕ್ಷಣ ಕಾರ್ಯದರ್ಶಿ, ಭಾರತೀಯ ಪುನರ್ವಸತಿ ಪರಿಷತ್ತಿನ ಒಬ್ಬ ಪ್ರತಿನಿಧಿ ಇರಬೇಕು. ಈಗಾಗಲೇ ಕೆಲಸದಲ್ಲಿ ಇರುವವರಿಗೆ ಬೇಕಾದ ಅರ್ಹತೆ ಇದ್ದರೆ ಅವರನ್ನು ಪರಿಗಣಿಸಬೇಕು. ಆ ಅರ್ಹತೆಯ ಮೂಲ ಪುನರ್ವಸತಿ ಪರಿಷತ್ತು ಒಪ್ಪಿದ ಕೋರ್ಸು. ವಿಶೇಷ ಶಿಕ್ಷಣದ ಡಿ.ಎಡ್ ಅಥವಾ ಬಿ.ಎಡ್, ಜೊತೆಗೆ ಪರಿಷತ್ತಿನಲ್ಲಿ ನೋಂದಣಿ.

ಇಲ್ಲಿ ಎರಡು ಎಳೆದಾಟ ಇವೆ. ಇಪ್ಪತ್ತು ವರ್ಷ ದುಡಿದವರು "ನಮ್ಮ ವಯಸ್ಸು ಮೀರಿದೆ, ಹೊಸ ಹುಡುಗರ ಜೊತೆ ಪರೀಕ್ಷೆ ಬರೆಯಿರಿ ಅಂದರೆ ಹೇಗೆ?" ಎನ್ನುತ್ತಾರೆ. ಕೋರ್ಸು ಮುಗಿಸಿ ಕಾಯುತ್ತಿರುವ ಯುವಕರು "ಎಲ್ಲ ಹುದ್ದೆ ಅವರಿಗೇ ಹೋದರೆ ನಮಗೇನು ಉಳಿಯುತ್ತೆ?" ಎನ್ನುತ್ತಾರೆ. ಇಬ್ಬರ ಮಾತೂ ಸರಿಯೇ. ಆದರೆ ಎರಡರಲ್ಲೂ ಮಗುವಿನ ಪ್ರಶ್ನೆ ಸ್ವಲ್ಪ ಹಿಂದೆ ಸರಿಯುತ್ತದೆ. ವಿಶೇಷ ಶಿಕ್ಷಣದ ಕೋರ್ಸುಗಳು ವೈಕಲ್ಯದ ಪ್ರಕಾರ ಬೇರೆಬೇರೆ. ಶ್ರವಣದೋಷದಲ್ಲಿ ತರಬೇತಿ ಆದವರಿಗೆ ಬ್ರೈಲ್ ಬರಬೇಕೆಂದಿಲ್ಲ. ಕಣ್ಣಿಲ್ಲದ ಮಕ್ಕಳಿಗೆ ಕಲಿಸಿದವರಿಗೆ ಆಟಿಸಂ ಇರುವ ಮಗುವಿನ ಹಠ ನಿಭಾಯಿಸಲು ಗೊತ್ತಿರಬೇಕೆಂದಿಲ್ಲ. ಹುದ್ದೆ ಭರ್ತಿ ಮಾಡುವಾಗ ತಾಲ್ಲೂಕಿನಲ್ಲಿ ಯಾವ ಬಗೆಯ ಮಕ್ಕಳಿದ್ದಾರೆ, ಬರುವ ಶಿಕ್ಷಕರು ಯಾವುದರಲ್ಲಿ ಪಳಗಿದ್ದಾರೆ ಎಂದು ಹೊಂದಿಸಿ ನೋಡದಿದ್ದರೆ ಸಂಖ್ಯೆ ಸರಿಹೋಗುತ್ತದೆ, ಪಾಠ ಸರಿಹೋಗುವುದಿಲ್ಲ.

ದುಡ್ಡು ಯಾರದು?

ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯದ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಇದೆ. ಅಂಥ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಸ್ಟೈಪೆಂಡ್, ಹತ್ತು ತಿಂಗಳು. ವಿಶೇಷ ಶಿಕ್ಷಕರ ಸಂಬಳಕ್ಕೆ ಕೊಡುವ ನೆರವು ಇದಕ್ಕಿಂತ ಬೇರೆ. ಕರ್ನಾಟಕದಂಥ ರಾಜ್ಯಗಳಲ್ಲಿ ಈ ಯೋಜನೆಯ ಖರ್ಚು ಕೇಂದ್ರ 60, ರಾಜ್ಯ 40ರಂತೆ ಹಂಚಿಕೆ.

ಯೋಜನೆಯ ದುಡ್ಡಿನಲ್ಲಿ ಗುತ್ತಿಗೆಗೆ ಇಟ್ಟುಕೊಂಡರೆ ರಾಜ್ಯಕ್ಕೆ ಹೊರೆ ಕಡಿಮೆ. ಕಾಯಂ ಹುದ್ದೆ ಅಂದರೆ ನಿವೃತ್ತಿವರೆಗೆ ಸಂಬಳ, ಬಡ್ತಿ, ಭತ್ಯೆ. ಹಾಗಾಗಿ ಹುದ್ದೆ ಲೆಕ್ಕ ಹಾಕುವಾಗ ರಾಜ್ಯಗಳು ಮೇಲೆ ಹೇಳಿದ ಮೂರು ಉತ್ತರಗಳಲ್ಲಿ ಚಿಕ್ಕದರ ಕಡೆಗೇ ವಾಲುವುದು ಸಹಜ. ಇದಕ್ಕೆ ಕೆಟ್ಟ ಉದ್ದೇಶ ಬೇಕಾಗಿಲ್ಲ, ಬಜೆಟ್ ಸಾಕು.

ಮುಂದೆ ಏನಾಗಬಹುದು

ಹುದ್ದೆಗಳು ಬರುತ್ತವೆ, ಅದರಲ್ಲಿ ಅನುಮಾನ ಬೇಡ. ಕೋರ್ಟ್ ಬೆನ್ನು ಹತ್ತಿದೆ. ಎಷ್ಟು ಬರುತ್ತವೆ ಎಂಬುದು ಶಾಲೆವಾರು ಎಣಿಸುತ್ತಾರೋ ಕ್ಲಸ್ಟರ್‌ವಾರು ಎಣಿಸುತ್ತಾರೋ ಎಂಬುದರ ಮೇಲೆ ನಿಂತಿದೆ. ಕೋರ್ಸು ಮುಗಿಸಿದವರು ನಗರಗಳ ಸುತ್ತಮುತ್ತಲೇ ಜಾಸ್ತಿ ಸಿಗುವುದರಿಂದ ದೂರದ ತಾಲ್ಲೂಕುಗಳಲ್ಲಿ ಹುದ್ದೆ ಇದ್ದೂ ಖಾಲಿ ಉಳಿಯಬಹುದು.

ಖಾಸಗಿ ಶಾಲೆಗಳ ಮೇಲೂ ಒತ್ತಡ ಬರುತ್ತದೆ. ಸಿಬಿಎಸ್‌ಇ ತನ್ನ ಶಾಲೆಗಳಿಗೆ ವಿಶೇಷ ಶಿಕ್ಷಕರನ್ನು ಇಟ್ಟುಕೊಳ್ಳಿ ಎಂದು ಮೊದಲಿನಿಂದ ಹೇಳುತ್ತ ಬಂದಿದೆ. ಆ ಹೆಸರಿನಲ್ಲಿ ಪೋಷಕರಿಂದ "ಶ್ಯಾಡೋ ಟೀಚರ್" ಎಂದು ಬೇರೆ ಫೀಸು ಕೇಳುವ ಅಭ್ಯಾಸ ನಗರಗಳಲ್ಲಿ ಬೆಳೆದಿದೆ. ಮಗುವಿನ ಪಕ್ಕದಲ್ಲಿ ದಿನವಿಡೀ ಕೂರುವ ಸಹಾಯಕರೇ ಬೇರೆ, ಪಾಠವನ್ನೇ ಬದಲಿಸುವ ವಿಶೇಷ ಶಿಕ್ಷಕರೇ ಬೇರೆ. ಈ ಎರಡನ್ನೂ ಒಂದೇ ಎಂದು ತೋರಿಸಿದರೆ ಶಾಲೆ ತನ್ನ ಜವಾಬ್ದಾರಿಯನ್ನು ಪೋಷಕರ ಜೇಬಿಗೆ ವರ್ಗಾಯಿಸಿದಂತೆ.

ಹೈಸ್ಕೂಲಿನದ್ದು ಇನ್ನೊಂದು ಪ್ರಶ್ನೆ. 10:1, 15:1 ಎರಡೂ ಎಂಟನೇ ತರಗತಿಗೆ ನಿಲ್ಲುತ್ತವೆ. ಆದರೆ 40 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಇರುವ ಮಗುವಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು 2016ರ ಕಾಯ್ದೆ ಕೊಟ್ಟಿದೆ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡಲು ಸ್ಕ್ರೈಬ್ ಇದೆ. ಪರೀಕ್ಷೆಯ ಮೂರು ಗಂಟೆಗೆ ಸವಲತ್ತು ಸಿಕ್ಕಿತು. ಅದಕ್ಕೆ ಮೊದಲಿನ ಎರಡು ವರ್ಷದ ಪಾಠಕ್ಕೆ ಯಾರು ಎಂಬುದಕ್ಕೆ ಈ ಅನುಸೂಚಿಯಲ್ಲಿ ಉತ್ತರ ಇಲ್ಲ.

ಎಲ್ಲಕ್ಕಿಂತ ಮೊದಲು ಸರಿಯಾಗಬೇಕಾದದ್ದು ಎಣಿಕೆ. ಅದಕ್ಕೆ ಕೋರ್ಟು, ದೆಹಲಿ ಯಾವುದನ್ನೂ ಕಾಯಬೇಕಿಲ್ಲ. ಊರಿನ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಯಾವ ಪೋಷಕರು ಬೇಕಾದರೂ ಎದ್ದು ನಿಂತು ಕೇಳಬಹುದು: ನಮ್ಮ ಶಾಲೆಯಲ್ಲಿ ವಿಶೇಷ ಅಗತ್ಯದ ಮಕ್ಕಳು ಎಷ್ಟು ಅಂತ ಈ ವರ್ಷ ಯೂ-ಡೈಸ್‌ನಲ್ಲಿ ತುಂಬಿದ್ದೀರಿ, ಮೇಷ್ಟ್ರೇ? ಸೊನ್ನೆ ಅಂದರೆ ಇನ್ನೊಂದು ಪ್ರಶ್ನೆ ಇದೆ. ಪರೀಕ್ಷಿಸಿ ನೋಡಿದವರು ಯಾರು?